ಬೆರಿಲ್‌ಗೆ ಹೇಳಬೇಡ

"ಕಂದಾಯದಲ್ಲಿ ಕಾಲುಭಾಗ ಉಳಿಸೋಕೆ ಹೆತ್ತ ತಾಯಿಗೇ ಬುದ್ಧಿ ಇಲ್ಲ ಅಂತ ಬರೆಸಿದ ಮಗ! ನೋಡ್ಕೊಳ್ಳಿ ಎಲ್ಲಾರೂ!"

ಬೆರಿಲ್ ಚಿಕ್ಕಮ್ಮ ಟೀ ಸುರಿಯುತ್ತಿದ್ದ ಪಾತ್ರೆಯನ್ನು ಹಾಗೇ ಎತ್ತಿ ಹಿಡಿದು ಕೂಗಿದಳು. ಚರ್ಚಿನ ಹಾಲ್‌ನಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ಮೆಲ್ಲುತ್ತಿದ್ದ ಬಾಯಿಗಳೆಲ್ಲ ನಿಂತವು. ಬೆರಿಲಳ ಅಕ್ಕ ಐರೀನಳನ್ನು ಮಣ್ಣು ಮಾಡಿ ಬಂದವರ ಬೂಟುಗಳಲ್ಲಿ ಇನ್ನೂ ಕೆಸರಿತ್ತು.

ಪಕ್ಕದ ಮನೆಯ ಕ್ಲಿಫ್ ಮುಖ ಹುಳ್ಳಗೆ ಮಾಡಿಕೊಂಡ. "ನಾನೇನು ತಪ್ಪು ಕೇಳ್ದೆ ಬೆರಿಲ್? ನಮ್ಮನೆಯವಳಿಗೂ ಮರೆವು ಹೆಚ್ಚಾಗಿದೆ. ಐರೀನ್ ಹೆಸರಲ್ಲಿ ಮನೆಗಂದಾಯ ಹೆಂಗೆ ಕಡಿಮೆ ಮಾಡಿಸ್ದೆ ಅಂತ ಈ ಗ್ಯಾರತ್‌ನ ಕೇಳ್ದೆ, ಅಷ್ಟೇ."

"ನೀನು ಸುಮ್ನಿರು." ಬೆರಿಲ್ ಅಕ್ಕನ ಮಗ ಗ್ಯಾರತ್‌ನತ್ತ ತಿರುಗಿದಳು. "ಶಾಲೆ ಬಿಟ್ಟು ಟೈರ್ ಬಿಚ್ಚೋನಿಗೆ ಇದಕ್ಕೆ ಮಾತ್ರ ತಲೆ ಓಡ್ತದೆ! ನಮ್ಮಕ್ಕ ಶಾಲೆ ಮುಂದೆ ಗಾಡಿ ನಿಲ್ಲಿಸೋ ಕೋಲು ಹಿಡಿದು ನಿಂತು ಅರ್ಧ ಊರನ್ನೇ ರಸ್ತೆ ದಾಟಿಸಿದೋಳು. ಒಂದು ಮಗೂನೂ ಚಕ್ರಕ್ಕೆ ಕೊಟ್ಟೋಳಲ್ಲ. ಅವಳಿಗೆ ಬುದ್ಧಿ ಇಲ್ವಾ?"

ಗ್ಯಾರತ್‌ನ ನಾಲಿಗೆ ತುದಿಗೆ ಮಾತು ಬಂದು ಸುಡುತ್ತಿತ್ತು.

*

ಎರಡು ವರ್ಷದ ಹಿಂದೆ ಡಾಕ್ಟರ ಮುಂದೆಯೂ ಹೀಗೇ ಸುಟ್ಟಿತ್ತು. "ಇದು ಯಾವ ತಿಂಗಳು, ಐರೀನ್?" ಅಂದಾಗ ಅಮ್ಮ ನಕ್ಕು ಮಗನ ಮುಖ ನೋಡಿದ್ದಳು. ಹೇಳಿಕೊಡುವ ಹಾಗಿರಲಿಲ್ಲ. ಡಾಕ್ಟರು ಸಹಿ ಹಾಕಿದರೆ ಊರಿನ ಕೌನ್ಸಿಲ್ಲು ಕಂದಾಯದಲ್ಲಿ ಕಾಲುಭಾಗ ಬಿಡುತ್ತಿತ್ತು. ಆ ದುಡ್ಡಲ್ಲಿ, ಅವನು ಕೆಲಸಕ್ಕೆ ಹೋದಾಗ ಅವಳ ಜೊತೆ ಕೂರಲು ಒಬ್ಬಳನ್ನು ಇಡಬಹುದಿತ್ತು. ಆದರೆ ಅಮ್ಮ ಸೋತರೆ ಮಾತ್ರ ಸಹಿ. ಇಂಥ ನಿಯಮ ಮಾಡಿದವರಿಗೆ ತಾಯಿ ಇರಲಿಲ್ಲವೇ ಎಂದು ಹಲ್ಲು ಕಚ್ಚಿ ಅವನು ಕಿಟಕಿಯಾಚೆ ನೋಡಿದ್ದ.

ಹೊರಗೆ ಬಂದಾಗ ಅಮ್ಮ ತೋಳು ಹಿಡಿದಳು. "ಬೆರಿಲ್‌ಗೆ ಹೇಳಬೇಡ ಕಣೋ. ನಾನಂದ್ರೆ ಅವಳಿಗೆ ಭಾರಿ ಹೆಮ್ಮೆ."

"ಹೇಳಲ್ಲಮ್ಮ. ನಿನ್ನಾಣೆ."

ಆಮೇಲೆ ಪ್ರತಿ ಭಾನುವಾರ, ಚಿಕ್ಕಮ್ಮ ಬರುವ ಮುಂಚೆ, ಅಡುಗೆಮನೆಯಲ್ಲಿ ಪಾಠ.

"ಈಗ ಬರೋದು ಯಾರಮ್ಮ?"

"ಬೆರಿಲ್."

"ಅವಳ ಗಂಡ ಸ್ಟ್ಯಾನ್ ಎಲ್ಲಿ ಅಂತ ಕೇಳ್ತೀಯಾ?"

"ಕೇಳಲ್ಲ. ಸತ್ತೋಗಿದಾನೆ." ಮರುಗಳಿಗೆ ಗಾಬರಿ. "ಅಯ್ಯೋ, ಯಾವಾಗ ಸತ್ತ?"

ವಾರ ವಾರವೂ ಅವಳಿಗೆ ಅದು ಹೊಸ ಸಾವು. ಅತ್ತು ಮುಗಿದ ಮೇಲೆ ಅವನೇ ಮುಖ ಒರೆಸಿ, ತಲೆ ಬಾಚಿ, ಬಾಗಿಲಿನ ಎದುರಿಗೆ ಕೂರಿಸುತ್ತಿದ್ದ.

*

"ಹೋದ ತಿಂಗಳೂ ಬಾಗಿಲು ತೆಗೆದ ತಕ್ಷಣ 'ಬೆರಿಲ್' ಅಂತ ಹೆಸರು ಹಿಡಿದು ಕರೆದಳು." ಚಿಕ್ಕಮ್ಮನ ದನಿ ಒಡೆಯಿತು. "ನನ್ನನ್ನ ಮರೆತಿರಲಿಲ್ಲ ಅವಳು. ಬಾಯಿ ಬಿಡೋ! ಮರೆತಿದ್ಲಾ?"

ಹಾಲ್‌ಗೆ ಹಾಲೇ ಅವನ ಬಾಯಿ ನೋಡುತ್ತಿತ್ತು. ಗ್ಯಾರತ್ ಅಮ್ಮನ ಫೋಟೋ ಪಕ್ಕದಲ್ಲಿ ಶಾಲೆಯವರು ತಂದು ಒರಗಿಸಿದ್ದ ಅವಳ ಕೋಲನ್ನು, ತುದಿಯಲ್ಲಿ ದುಂಡನೆಯ ಹಳದಿ ಫಲಕವಿದ್ದ ಆ ಕೋಲನ್ನು, ಹೆಗಲಿಗೇರಿಸಿಕೊಂಡು ಹೊರಟೇಬಿಟ್ಟ.

"ನೋಡಿ, ಓಡಿಹೋಗ್ತಿದಾನೆ!"

ರಸ್ತೆಗಿಳಿದವನು ಎಡಬಲ ನೋಡಲಿಲ್ಲ. ಇಳಿಜಾರಿನಲ್ಲಿ ಬರುತ್ತಿದ್ದ ಲಾರಿ ಫಲಕ ಕಂಡು ನಿಂತಿತು. ಅದರ ಹಿಂದೆ ಬಸ್ಸು ನಿಂತಿತು. ಅವನು ದಾಟಿ ಆಚೆ ಬದಿ ಸೇರುವವರೆಗೆ ಯಾರೂ ಹಾರ್ನ್ ಒತ್ತಲಿಲ್ಲ.