ತುತ್ತೂರಿಯ ಐದು ಕಿಲೋಮೀಟರು

ಬಸ್ಸು ಕಣ್ಣೆದುರೇ ಹೊರಟರೂ ಓಡಿ ಹಿಡಿದವನಲ್ಲ. ಇನ್ನೊಂದು ಬರುತ್ತೆ ಬಿಡು ಎನ್ನುತ್ತಿದ್ದ. ಅಂಥವನ ಹೆಸರಿನಲ್ಲಿ ಊರಿನವರು ವರ್ಷಕ್ಕೊಮ್ಮೆ ಐದು ಕಿಲೋಮೀಟರು ಓಡುತ್ತಾರೆ. ಬೆಳಿಗ್ಗೆ ಓಟ, ಸಂಜೆ ಪಾರ್ಕಿನಲ್ಲಿ ಜಾಝ್. ಟ್ರಂಪೆಟ್ ಊದುತ್ತಿದ್ದ ಅವನನ್ನು ಊರೆಲ್ಲ ತುತ್ತೂರಿ ಎಂದೇ ಕರೆಯುತ್ತಿತ್ತು. ಸತ್ತಿದ್ದು ಹೃದಯ ನಿಂತು, ಅದಕ್ಕೆ ಓಟ. ಬದುಕಿದ್ದು ಊದಿಕೊಂಡು, ಅದಕ್ಕೆ ಜಾಝ್. ಸಮಿತಿಯವರು ಎರಡನ್ನೂ ಒಂದೇ ಭಾನುವಾರಕ್ಕೆ ಗಂಟು ಹಾಕಿದ್ದರು.

ಅವನ ತಂಗಿಯದು ಹಲ್ಲು ಕಟ್ಟುವ ಕೆಲಸ. ದಂತವೈದ್ಯರು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಹಲ್ಲು ಕೂರಿಸಿ, ಉಜ್ಜಿ ನುಣುಪು ಮಾಡಿ ಕೊಡುವುದು. ಅವಳ ಕಿಟಕಿ ಪಕ್ಕದ ಮೇಜಿನ ಮೇಲೆ ಊರಿನ ಅರ್ಧ ಜನರ ದವಡೆಗಳು ಸಾಲಾಗಿ ಒಣಗುತ್ತಿರುತ್ತಿದ್ದವು. ಈ ಊರಲ್ಲಿ ನಿನ್ನೆದುರು ಬಾಯಿ ಬಿಡೋ ಧೈರ್ಯ ಯಾರಿಗೂ ಇಲ್ಲ ಎಂದು ಅಣ್ಣ ನಗಾಡುತ್ತಿದ್ದ. ಅವನ ಮುಂದಿನ ಮೂರು ಹಲ್ಲಿನ ಸೆಟ್ಟನ್ನು ಕಟ್ಟಿದವಳೂ ಅವಳೇ. ಟ್ರಂಪೆಟ್ಟು ಒತ್ತುವುದು ಸರಿಯಾಗಿ ಅಲ್ಲಿಗೇ. ಕೂದಲೆಳೆಯಷ್ಟು ಅಲುಗಿದರೂ ಸ್ವರ ಒಡೆಯುತ್ತದೆ.

ಏಳು ವರ್ಷದ ಹಿಂದೆ ಒಂದು ಶನಿವಾರ, ಅವಳು ದೀಪ ಆರಿಸಿ ಬೀಗ ಹುಡುಕುತ್ತಿದ್ದಾಗ ಅಣ್ಣ ಬಂದ. ಸೆಟ್ಟು ಸಡಿಲವಾಗಿದೆ, ನಾಳೆ ಕಾರ್ಯಕ್ರಮ ಇದೆ ಎಂದ. ಹತ್ತು ನಿಮಿಷದ ಕೆಲಸ. ಬೆಳಿಗ್ಗೆಯಿಂದ ಬಗ್ಗಿ ಕೂತು ಅವಳ ಬೆನ್ನು ಬಿದ್ದುಹೋಗಿತ್ತು. ಸೋಮವಾರ ಬಾ ಎಂದಳು. ಅವನು ಆಗಲಿ ಎಂದು ಹೊರಟ. ಭಾನುವಾರ ಎರಡನೇ ಹಾಡಿಗೇ ಸ್ವರ ಒಡೆಯಿತು. ಟ್ರಂಪೆಟ್ಟನ್ನು ಕುರ್ಚಿಯ ಮೇಲಿಟ್ಟು ವೇದಿಕೆ ಇಳಿದವನು ಮೆಟ್ಟಿಲ ಬಳಿ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆ ಸೇರಿದ ಅರ್ಧ ಗಂಟೆಗೆ ಎಲ್ಲ ಮುಗಿದಿತ್ತು.

ಅವಳು ಅಳಲಿಲ್ಲ. ಹಲ್ಲು ಕೀಳುವ ಮುಂಚೆ ಮರಗಟ್ಟಿಸಿದ ತುಟಿಯ ಹಾಗೆ ಒಳಗೇನೋ ದಪ್ಪಗಾಗಿ ಉಳಿಯಿತು. ಮೂರನೇ ದಿನ ಕೆಲಸಕ್ಕೆ ಹೋದಳು. ಗಟ್ಟಿಗಿತ್ತಿ ಎಂದರು ಕೆಲವರು, ಕಲ್ಲು ಎಂದರು ಉಳಿದವರು. ಪ್ರತಿವರ್ಷ ಅತ್ತಿಗೆಯ ಪಕ್ಕ ಕೂತು, ಕರೆದಾಗ ವೇದಿಕೆ ಹತ್ತಿ, ಗೆದ್ದವರಿಗೆ ಕಪ್ಪು ಕೊಟ್ಟು, ಫೋಟೋಕ್ಕೆ ನಿಂತು ಬರುತ್ತಿದ್ದಳು. ಶನಿವಾರದ ಸಂಗತಿಯನ್ನು ಮಾತ್ರ ಅತ್ತಿಗೆಗೆ ಹೇಳಿರಲಿಲ್ಲ.

ಓಟದ ದಿನ ಐದು ಕಿಲೋಮೀಟರೂ ನಡೆಯುತ್ತಿದ್ದವಳು ಅತ್ತಿಗೆ. ಈ ಸಲ ಅವಳ ಮಂಡಿಗೆ ಆಪರೇಷನ್ ಆಗಿತ್ತು. ಮನೆಯವರು ಒಬ್ಬರಾದರೂ ಬೇಡವೇ ಎಂದು ತನ್ನ ನಂಬರಿನ ಚೀಟಿಯನ್ನು ನಾದಿನಿಯ ಎದೆಯ ಮೇಲೆ ಪಿನ್ನು ಹಾಕಿ ಸಿಕ್ಕಿಸಿದಳು. ಒಲ್ಲೆ ಎನ್ನಲು ಕಾರಣ ಹೇಳಬೇಕಾಗುತ್ತಿತ್ತು. ನಾದಿನಿ ಹೊರಟಳು.

ಸೀಟಿ ಊದಿದ ಎರಡು ನಿಮಿಷಕ್ಕೆ ಜನರೆಲ್ಲ ಅವಳನ್ನು ದಾಟಿ ಹೋದರು. ಎರಡನೇ ಕಿಲೋಮೀಟರಿನ ಹೊತ್ತಿಗೆ ಅವಳೇ ಕೊನೆ. ಕೊನೆಯವರ ಹಿಂದೆ ಆಂಬ್ಯುಲೆನ್ಸ್ ಬರಬೇಕೆಂಬುದು ನಿಯಮ. ಅದು ತೆವಳುತ್ತ ಬಂತು. ಚಾಲಕ ಕಿಟಕಿಯಿಂದ ತಲೆ ಹಾಕಿ, ಹತ್ತಿಕೊಳ್ಳುತ್ತೀರಾ ಅಕ್ಕಾ ಎಂದು ಕೇಳಿದ. ಅವಳು ಬೇಡ ಎಂದಳು. ಹಾಗಾದರೆ ಇವತ್ತೆಲ್ಲ ನನಗೆ ಫಸ್ಟ್ ಗೇರೇ ಗತಿ ಎಂದು ಅವನು ನಕ್ಕ. ಮಾತುಗಾರ. ಆರು ವರ್ಷ ಬೇರೆ ಊರಿನಲ್ಲಿದ್ದು ಈಚೆಗೆ ವಾಪಸಾದದ್ದನ್ನು ಹೇಳಿದ. ಆಮೇಲೆ, ತುತ್ತೂರಿಯವರ ಕಡೆಯವರು ಯಾರಾದರೂ ಗೊತ್ತೇ ಎಂದು ವಿಚಾರಿಸಿದ.

"ಗೊತ್ತು," ಎಂದಳು.

"ಅವತ್ತು ಅವರನ್ನ ಕರ್ಕೊಂಡು ಹೋಗಿದ್ದು ನಾನೇ. ಗಾಡಿಗೆ ಮಲಗಿಸೋವಾಗ ನನ್ನ ಕೈ ಹಿಡ್ಕೊಂಡ್ರು. ನನ್ನ ತಂಗಿಗೆ ಹೇಳಪ್ಪಾ, ಸೋಮವಾರ ಬರೋಕಾಗಲ್ಲ ಅಂತ, ಅಂದ್ರು. ತಂಗಿ ಯಾರು, ಎಲ್ಲಿದಾರೆ, ನಂಗೆ ಗೊತ್ತಿಲ್ಲ. ಆಮೇಲೆ ವರ್ಗ ಆಗಿ ಹೋದೆ. ಹೇಳೋದು ಹಾಗೇ ಉಳೀತು. ಅವರು ಸಿಕ್ಕಿದ್ರೆ ನೀವು ಹೇಳ್ತೀರಾ?"

"ಹೇಳ್ತೀನಿ."

ಎದೆಯ ಮೇಲಿನ ಭಾರ ಇಳಿಯಿತು ನೋಡಿ ಎಂದು ಚಾಲಕ ರೇಡಿಯೋ ಹಾಕಿದ. ಅವಳು ನಡೆದಳು. ಬೇಕರಿ ಬಂತು, ಪೆಟ್ರೋಲ್ ಬಂಕು ಬಂತು, ಶಾಲೆಯ ಉದ್ದದ ಗೋಡೆ ಬಂತು. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದದ್ದು ಗೊತ್ತಾಯಿತು, ನಡಿಗೆ ನಿಧಾನವಾಗಲಿಲ್ಲ. ಅವಳು ತಲುಪಿದಾಗ ಮೈಕಿನ ವೈರು ಸುತ್ತುತ್ತಿದ್ದರು. ಯಾರೋ ಕೊರಳಿಗೆ ಪದಕ ಹಾಕಿದರು.

ಸಂಜೆ ಮುಂದಿನ ಸಾಲಿನಲ್ಲಿ ಅತ್ತಿಗೆಯ ಪಕ್ಕ ಕೂತಳು. ವೇದಿಕೆಯ ಮೇಲೆ ಹೊಸಬಳೊಬ್ಬಳು ಟ್ರಂಪೆಟ್ ಊದುತ್ತಿದ್ದಳು, ಚೆನ್ನಾಗಿಯೇ. ಹಾಡಿನ ನಡುವೆ ನಾದಿನಿ ಅತ್ತಿಗೆಯ ಕಿವಿಗೆ ಬಾಗಿ ಹೇಳಿದಳು. ದನಿ ಅವಳಿಗೇ ಪರಕೀಯವಾಗಿ ಕೇಳಿಸಿತು.

"ಹಿಂದಿನ ದಿನ ಅಣ್ಣ ನನ್ನ ಹತ್ರ ಬಂದಿದ್ದ ಅತ್ತಿಗೆ. ಸೆಟ್ಟು ಅಲ್ಲಾಡ್ತಿತ್ತು. ನಾನು ಸೋಮವಾರ ಬಾ ಅಂತ ಕಳಿಸ್ದೆ."

ಚಾಲಕ ಹೇಳಿದ್ದನ್ನೂ ಹೇಳಿದಳು. ಅತ್ತಿಗೆ ವೇದಿಕೆಯಿಂದ ಕಣ್ಣು ತೆಗೆಯಲಿಲ್ಲ. ಹಾಡು ಮುಗಿದು ಚಪ್ಪಾಳೆ ನಿಂತ ಮೇಲೆ ಕೇಳಿದಳು:

"ಏಳು ವರ್ಷ ನನ್ನ ಪಕ್ಕಾನೇ ಕೂತಿದ್ದೀಯಲ್ಲೇ?"

"ಹೂಂ."

ಸಮಿತಿಯವರು ಎಂದಿನಂತೆ ಇಬ್ಬರನ್ನೂ ವೇದಿಕೆಗೆ ಕರೆದರು. ಅತ್ತಿಗೆ ಕೋಲು ಊರಿಕೊಂಡು ಎದ್ದಳು, ಜೊತೆಗೆ ಏಳಹೋದ ನಾದಿನಿಗೆ ಕೈಸನ್ನೆಯಲ್ಲೇ ಕೂತಿರು ಎಂದಳು. ಒಬ್ಬಳೇ ಎಲ್ಲ ಕಪ್ಪುಗಳನ್ನೂ ಕೊಟ್ಟಳು. ವಾಪಸು ಬಂದವಳು ಒಂದು ಕುರ್ಚಿ ಬಿಟ್ಟು ಕೂತಳು.

ನಾಲ್ಕು ತಿಂಗಳು ಮಾತಿಲ್ಲ. ನಾದಿನಿ ಊರಿನವರ ದವಡೆಗಳನ್ನು ಉಜ್ಜಿಕೊಂಡಿದ್ದಳು, ತಾನಾಗಿ ಹೋಗಲಿಲ್ಲ. ಒಂದು ಮಧ್ಯಾಹ್ನ ಫೋನು ಬಂತು, ಊಟಕ್ಕೆ ಬಾ ಎಂದು. ಹೋದಳು. ಬಡಿಸುತ್ತ ಅತ್ತಿಗೆ ಹೇಳಿದಳು:

"ಆ ಸೆಟ್ಟು ಒಂದು ತಿಂಗಳಿಂದ ಅಲ್ಲಾಡ್ತಿತ್ತು ಕಣೆ. ಹೋಗಿ ತೋರಿಸ್ಕೊಳ್ಳಿ ಅಂತ ನಾನೂ ಒಂದಿನ ಗದರಿಸ್ಲಿಲ್ಲ. ಹಾಗಂತ ನಿನ್ನ ಮೇಲೆ ಸಿಟ್ಟು ಹೋಗಿದೆ ಅಂದ್ಕೋಬೇಡ. ಒಬ್ಬಳೇ ಉಣ್ಣೋಕೆ ಬೇಜಾರು, ಅದಕ್ಕೆ ಕರೆದೆ."

ನಾದಿನಿ ತಲೆಯಾಡಿಸಿ ತಟ್ಟೆ ಮುಂದಕ್ಕೆ ತಳ್ಳಿದಳು, ಅತ್ತಿಗೆ ಇನ್ನೊಂದು ಸೌಟು ಹಾಕಿದಳು.

ಮುಂದಿನ ವರ್ಷ ಇಬ್ಬರೂ ಸಮಿತಿಯವರಿಗೆ ವೇದಿಕೆ ಬೇಡ ಎಂದು ತಿಳಿಸಿದರು. ಬೆಳಿಗ್ಗೆ ಐದು ಕಿಲೋಮೀಟರೂ ಒಟ್ಟಿಗೆ ನಡೆದರು. ದಾರಿಯಲ್ಲಿ ಮಂಡಿಯ ವಿಷಯ, ಹೊಸ ಬೂಟಿನ ವಿಷಯ ಒಂದೆರಡು ಮಾತು ಬಂತು.