ಸಾದಲಿಗೆ ಬಂದ ನಾಲ್ಕನೇ ಜ್ವರ

ಆ ಬೆಳಿಗ್ಗೆ ಸಾದಲಿಯ ಮೇಲೆ ಮಂಜು ಎಷ್ಟು ದಟ್ಟವಾಗಿ ಕೂತಿತ್ತೆಂದರೆ, ಗುಡಿಯ ಗಂಟೆ ಕೇಳಿಸುತ್ತಿತ್ತೇ ಹೊರತು ಗುಡಿ ಕಾಣುತ್ತಿರಲಿಲ್ಲ. ಕಾಣದಿದ್ದರೇನು, ಒಳಗೆ ಸ್ವಾಮಿ ಇದ್ದಾನಲ್ಲ ಎಂದುಕೊಂಡು ಮುನಿಗಂಗಮ್ಮ ಕಚೇರಿಯ ಬಾಗಿಲು ತೆಗೆದಳು. ದೇವರ ಪಟಕ್ಕೆ ಹೂವಿಟ್ಟಳು, ಊದುಕಡ್ಡಿ ಮಾತ್ರ ಹಚ್ಚಲಿಲ್ಲ. ಪಕ್ಕದ ಬಯ್ಯಪ್ಪನ ಮನೆಯಲ್ಲಿ ರೇಷ್ಮೆ ಹುಳು ಸಾಕಿದ್ದರು. ಹೊಗೆ ಅವಕ್ಕೆ ಆಗದು. ಹುಳು ಗೂಡು ಕಟ್ಟುವವರೆಗೆ ದೇವರೂ ಹೊಂದಿಕೊಳ್ಳಬೇಕು.

ಅವಳು ರೈತರ ಮಹಾಸಂಘದ ಸಾದಲಿ ಶಾಖೆಯ ಕಚೇರಿ ನೋಡಿಕೊಳ್ಳುವವಳು. ದಿನಾ ಊರಿನ ಹುಳುಗಳ ಯೋಗಕ್ಷೇಮ ಬರೆದು ಶಾಖೆಯ ಜಾಲತಾಣಕ್ಕೆ ಹಾಕುವುದು ಅವಳಿಗೆ ಪೂಜೆಯಷ್ಟೇ ನೇಮದ ಕೆಲಸ. ಆದರೆ ಹೋದ ತಿಂಗಳು ಚಿಕ್ಕಬಳ್ಳಾಪುರದ ಮುಖ್ಯ ಕಚೇರಿಯ ಸಿದ್ಧಾರ್ಥ್, ನಾಲ್ಕು ತಾಲ್ಲೂಕಿನ ಶಾಖೆಗಳ ಜಾಲತಾಣಗಳನ್ನೂ ಸಂಘದ ಆರೋಗ್ಯ ವಿಭಾಗವನ್ನೂ ಒಂದೇ ವ್ಯವಸ್ಥೆಗೆ ಸೇರಿಸಿದ್ದ. ಸೇರಿಸುವಾಗ ಅವಳ ಪರದೆಯ ಮೇಲಿದ್ದ ‘ಪ್ರಕಟಿಸು’ ಗುಂಡಿ ಹೋಗಿ, ‘ಒಪ್ಪಿಗೆಗೆ ಕಳಿಸು’ ಬಂದಿತ್ತು. ಅವಳಿಗೆ ಮುನಿಸು. ನಿಮ್ಮೂರಲ್ಲಿ ಬೇರೆ ಅರ್ಥ ಬರುವ ಮಾತುಗಳಿದ್ದರೆ ತಿಳಿಸಿ ಎಂದು ಅವನು ಕೇಳಿದಾಗ, "ನಮ್ಮೂರಲ್ಲಿ ಜ್ವರ ಅಂದ್ರೆ ಜ್ವರಾನೇ ಕಣಪ್ಪ" ಎಂದು ಫೋನ್ ಇಟ್ಟಿದ್ದಳು.

ಅಂದು ಬರೆದಳು: ‘ಸಾದಲಿಯ ಮನೆಮನೆಯಲ್ಲೂ ನಾಲ್ಕನೇ ಜ್ವರ. ಊಟ ಬಿಟ್ಟು ಮಲಗಿವೆ. ಯಾರೂ ಮುಟ್ಟಬೇಡಿ.’

ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಬಿಟ್ಟು ನಿದ್ದೆ ಹೋಗುವುದಕ್ಕೆ ಸಾಕುವವರು ಜ್ವರ ಎನ್ನುತ್ತಾರೆ; ಗೂಡು ಕಟ್ಟುವುದರೊಳಗೆ ಅದು ನಾಲ್ಕು ಸಲ ಬರುತ್ತದೆ. ಕುಡುಮಲಕುಂಟೆಯಲ್ಲಿ ಕಾರ್ಖಾನೆಯ ಸೈರನ್ ಕೇಳಿ ಬೆಳೆದ ಸಿದ್ಧಾರ್ಥನಿಗೆ ಅದೇನು ಗೊತ್ತು? ‘ಮಲಗಿವೆ’ಯನ್ನು ‘ಮಲಗಿದ್ದಾರೆ’ ಎಂದು ಮರ್ಯಾದೆಯಿಂದ ತಿದ್ದಿ, ಒಪ್ಪಿಗೆ ಕೊಟ್ಟು, ಮೀಟಿಂಗಿಗೆ ಹೋದ. ಜ್ವರ ಎಂಬ ಪದ ಸಿಕ್ಕಿದ್ದೇ ತಡ, ವ್ಯವಸ್ಥೆ ತಾನಾಗಿ ಆರೋಗ್ಯ ವಿಭಾಗಕ್ಕೆ ಸುದ್ದಿ ಮುಟ್ಟಿಸಿತು. ಸೊಳ್ಳೆಗೆ ಹೊಗೆ ಬಿಡುವ ಸಂಘದ ಗಾಡಿ ಸಾದಲಿಗೆ ಹೊರಟಿದೆ ಎಂದು ಪರದೆಯ ಮೇಲೆ ಮೂಡಿತು.

ಅಷ್ಟರಲ್ಲಿ ಬಯ್ಯಪ್ಪ ಓಡಿಬಂದ. "ಏಮ್ಮಾ, ನಮ್ಮನೇಲಿ ಯಾರಿಗೆ ಜ್ವರ ಅಂತ ಚಿಂತಾಮಣಿ ಬೀಗರು ಫೋನ್ ಮಾಡವ್ರೆ. ಕಿತ್ತಳೆಹಣ್ಣು ತಗೊಂಡು ಹೊರಟೇಬಿಟ್ಟವ್ರೆ." ಗಾಡಿಯ ವಿಷಯ ಕೇಳಿದ್ದೇ ಬೀಗರನ್ನು ಮರೆತು, ಕಿಟಕಿ ಬಾಗಿಲು ಮುಚ್ಚಲು ಮನೆಗೆ ಓಡಿದ. ಒಂದು ಸುತ್ತು ಹೊಗೆ ಬಿಟ್ಟರೆ ಊರಿನ ಹುಳುವೆಲ್ಲ ಹೋದಂತೆ.

ಸಿದ್ಧಾರ್ಥನ ಫೋನ್ ಸಿಗಲಿಲ್ಲ. ಕಳಿಸಿದ ತಿದ್ದುಪಡಿ ಅವನ ಒಪ್ಪಿಗೆಗೆ ಕಾಯುತ್ತಾ ಕೂತಿತು. ಮುನಿಗಂಗಮ್ಮ ಕಣ್ಣು ಮುಚ್ಚಿ ಸ್ವಾಮಿಯನ್ನು ನೆನೆದಳು. ಕಣ್ಣು ಬಿಟ್ಟಾಗ ತುಟಿಯಲ್ಲಿ ಸಣ್ಣ ನಗು. ಇಡೀ ವ್ಯವಸ್ಥೆಯಲ್ಲಿ ಒಪ್ಪಿಗೆ ಬೇಡದ ಜಾಗ ಒಂದೇ: ಶ್ರದ್ಧಾಂಜಲಿ. ಸಾವಿನ ಸುದ್ದಿ ಕಾಯಬಾರದೆಂದು ಸಿದ್ಧಾರ್ಥನೇ ಹಾಗಿಟ್ಟಿದ್ದ. ಹಾಕಿದೊಡನೆ ಸಂಘದವರೆಲ್ಲರ ಫೋನಿಗೂ ಹೋಗುತ್ತಿತ್ತು.

‘ಹೊಗೆಯ ಗಾಡಿ ಊರು ಮುಟ್ಟಿದೊಡನೆ ಸಾದಲಿಯ ಸಮಸ್ತ ರೇಷ್ಮೆ ಹುಳುಗಳು ದೈವಾಧೀನರಾಗಲಿದ್ದಾರೆ. ಸದ್ಯ ಅವರಿಗಿರುವುದು ಹುಳುವಿನ ಜ್ವರ, ಅಂದರೆ ನಿದ್ದೆ. ಗಾಡಿ ಹಿಂದಿರುಗಿದರೆ ಅಂತ್ಯಕ್ರಿಯೆ ಇರುವುದಿಲ್ಲ.’

ಸತ್ತವರು ಯಾರೋ ಏನೋ ಎಂದು ಡ್ರೈವರ್ ಊರ ಹೊರಗೆ ಗಾಡಿ ನಿಲ್ಲಿಸಿ ಓದಿದ. ಮತ್ತೊಮ್ಮೆ ಓದಿದ. ನಗುತ್ತಾ ಗಾಡಿ ತಿರುಗಿಸಿದ.

ಸ್ವಲ್ಪ ಹೊತ್ತಿಗೆ ಸಿದ್ಧಾರ್ಥನೇ ಫೋನ್ ಮಾಡಿದ. "ಅಮ್ಮ, ನಾಲ್ಕೂ ತಾಲ್ಲೂಕಿನವರು ಹುಳುಗಳಿಗೆ ಓಂ ಶಾಂತಿ ಕಳಿಸ್ತಿದ್ದಾರೆ. ಜ್ವರ ಅಂದ್ರೆ ಜ್ವರಾನೇ ಅಂದಿದ್ರಲ್ಲ?"

"ಅಂದಿದ್ದೆ ಕಣಪ್ಪ. ಗುಂಡಿ ಕಿತ್ಕೊಂಡ ಸಿಟ್ಟಿಗೆ ಅಂದೆ. ಈಗ ಹೇಳ್ತೀನಿ, ಬರ್ಕೋ."

ಜ್ವರದಿಂದ ಗೂಡಿನವರೆಗೆ ಊರಿನ ಮಾತುಗಳನ್ನೆಲ್ಲ ಅವಳು ಬಿಡಿಸಿ ಹೇಳಿದಳು, ಅವನು ಹೂಂಗುಟ್ಟುತ್ತಾ ಬರೆದುಕೊಂಡ. ಗುಂಡಿಯ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ.

ಫೋನ್ ಇಟ್ಟು ಹೊರಗೆ ನೋಡಿದರೆ ಮಂಜು ಕರಗಿತ್ತು, ಬಯ್ಯಪ್ಪನ ಬೀಗರು ಕಿತ್ತಳೆಯ ಚೀಲ ಹಿಡಿದು ಬರುತ್ತಿದ್ದರು. ಅವರನ್ನು ಕೂರಿಸಿ, ನೀರು ಕೊಟ್ಟು, ತಿರುಗಿ ಪರದೆಯ ಕಡೆ ನೋಡಿದಳು. ಹಳೆಯ ಮೂಲೆಯಲ್ಲಿ ‘ಪ್ರಕಟಿಸು’ ಸದ್ದಿಲ್ಲದೆ ಬಂದು ಕೂತಿತ್ತು.