ಕೈಗವಸಿನ ಬಗ್ಗೆ ಅಭಿಪ್ರಾಯ

“ಆ ಕಾಗೆ ಎದ್ದೋದ ಮ್ಯಾಲೆ ಕುರ್ಚಿ ತೊಳ್ದಿಡ್ರಲಾ. ನಾಳೆ ಮನುಷ್ರು ಕೂರೋದೈತೆ.”

ನೆಲು ಇದನ್ನು ನನಗೆ ಹೇಳಲಿಲ್ಲ. ನನ್ನ ಎದುರಿಗೇ ನಿಂತು, ನನ್ನ ತಲೆಯ ಮೇಲಿಂದ ಕಚೇರಿಯವರಿಗೆ ಹೇಳಿದ. ಡ್ಯಾನ್ಯೂಬ್ ದಂಡೆಯ ನಮ್ಮ ಊರಿನಾಚೆ ಕಸ ವಿಂಗಡಿಸುವ ಕಾರ್ಖಾನೆಯಲ್ಲಿ ಅವನು ಮೇಸ್ತ್ರಿ. ನಾವು ಜಿಪ್ಸಿಗಳು, ರೋಮಾ ಜನ. ಕಾಗದದಲ್ಲಿ ಹಾಗೆ ಬರೆಯುತ್ತಾರೆ, ಬಾಯಲ್ಲಿ ಕಾಗೆ ಅನ್ನುತ್ತಾರೆ. ಮದುವೆಯಾದ ವರ್ಷದಿಂದ ನಾನು ಅಲ್ಲಿ ಕಸ ಸಾಗುವ ಬೆಲ್ಟಿನ ಪಕ್ಕ ನಿಂತು, ಊರಿನ ಮನೆಗಳೆಲ್ಲ ಉಗುಳಿದ್ದರಲ್ಲಿ ಬಾಟಲಿ, ಡಬ್ಬ, ರಟ್ಟು ಹೆಕ್ಕುತ್ತಿದ್ದೆ. ಕುರ್ಚಿಯಲ್ಲಿ ಕೂತದ್ದು ಅಂದೇ ಮೊದಲು.

ಕೂರಿಸಿದವನು ಟಿಬೇರಿಯು. ಬುಖಾರೆಸ್ಟಿನಿಂದ ಬಂದ ಎಂಜಿನಿಯರ್. ಸೂಜಿ ಕೂಡ ತೂರಲಾರದ ಕೈಗವಸೊಂದನ್ನು ಅವನ ಕಂಪನಿ ಮಾಡಿತ್ತು. ಮಾರುಕಟ್ಟೆಗೆ ಬಿಡುವ ಮುಂಚೆ ಮಾದರಿಯನ್ನು ಯಾರ ಕೈಗಾದರೂ ತೊಡಿಸಿ ನೋಡಬೇಕಲ್ಲ, ನಮ್ಮ ಕೈಗಳು ಸಿಕ್ಕವು. ಬೆಲ್ಟಿನ ಕೊನೆಯ ಕಂಬಕ್ಕೆ ಒಂದು ಟ್ಯಾಬ್ ಸಿಕ್ಕಿಸಿದರು. ಪಾಳಿ ಮುಗಿದಾಗ ಹೆಂಗಸರು ಒಬ್ಬೊಬ್ಬರಾಗಿ ಅದರ ಮುಂದೆ ನಿಂತು ಗವಸು ಹೇಗಿದೆಯೆಂದು ಹೇಳಬೇಕು. ಹೇಳಿದ್ದು ಅಕ್ಷರವಾಗಿ ಕಚೇರಿಯ ಕಂಪ್ಯೂಟರಿಗೆ ಬರುತ್ತಿತ್ತು, ಒಂದೊಂದು ಮಾತು ಒಂದೊಂದು ಕಾರ್ಡು. ಪರದೆಯ ಮೇಲೆ ಮೂರು ಸಾಲು: ಹೊಸದು, ಪರಿಶೀಲನೆಯಲ್ಲಿ, ಮುಗಿದದ್ದು. ನಮ್ಮ ಹೆಂಗಸರ ಮಾತು ಅರ್ಧ ರೊಮೇನಿಯನ್, ಅರ್ಧ ನಮ್ಮ ಭಾಷೆ, ಮಿಕ್ಕಿದ್ದು ಬೈಗುಳ. ಸಾಫ್ಟ್‌ವೇರಿಗೆ ಅದು ತಿಳಿಯುತ್ತಿರಲಿಲ್ಲ. ಎಂಟನೇ ತರಗತಿಯವರೆಗೆ ಓದಿದವಳು ನಾನೊಬ್ಬಳೇ. ಹಾಗಾಗಿ ಕಾರ್ಡಿನ ಮಾತು ತಿದ್ದಿ, ಬಣ್ಣದ ಚೀಟಿ ಹಚ್ಚಿ, ಸಾಲಿಗೆ ಸೇರಿಸುವ ಕೆಲಸ ನನಗೆ ಬಂತು.

ಟಿಬೇರಿಯು ನೆಲುವಿನಂಥವನಲ್ಲ. ಬಹುವಚನದಲ್ಲಿ ಮಾತಾಡಿಸುತ್ತಿದ್ದ. ಕಾಫಿ ತಂದುಕೊಡುತ್ತಿದ್ದ, ನನಗೆ ಕಾಗದದ ಲೋಟದಲ್ಲಿ, ತನಗೆ ಪಿಂಗಾಣಿಯದರಲ್ಲಿ.

ಮೊದಲ ವಾರವೇ ಎಲ್ಲರೂ ಹೇಳಿದ್ದು ಒಂದೇ ಮಾತು. ಅಂಗೈಗೆ, ಬೆರಳ ತುದಿಗೆ ಗಟ್ಟಿ ಪದರ ಇದೆ, ಬೆರಳ ಸಂದಿಯಲ್ಲಿ ಮಾತ್ರ ಬರೀ ಬಟ್ಟೆ. ಕಸದೊಳಗೆ ಕೈ ಹಾಕುವವರು ಬೆರಳು ಅಗಲಿಸದೆ ಏನು ಮಾಡುತ್ತಾರೆ? ಫನೀಕಾ ಅಂತೂ ಟ್ಯಾಬಿನ ಮುಂದೆ ನಿಂತು, ಈ ಗವಸು ನನ್ನ ಗಂಡ ಇಟ್ಟ ಆಣೆಯಂತಿದೆ, ಮೇಲೆ ಗಟ್ಟಿ, ಸಂದಿಯಲ್ಲೆಲ್ಲ ತೂತು ಅಂದಿದ್ದಳು. ನಾನು ಅದನ್ನು ಹಾಗೇ ಉಳಿಸಿದ್ದೆ.

ಟಿಬೇರಿಯು ಓದಿ ನಕ್ಕ. ಒಂದೇ ದೂರು ಎಷ್ಟು ಸಲ ಬರಬೇಕು ಸಾಫ್ತಾ, ಎಲ್ಲವನ್ನೂ ಒಂದರೊಳಗೆ ಸೇರಿಸಿಬಿಡಿ ಎಂದು ಹೇಳಿ, ಯಾವ ಗುಂಡಿ ಒತ್ತಬೇಕೆಂದು ತೋರಿಸಿಕೊಟ್ಟ. ಒತ್ತಿದೆ. ಅಷ್ಟೂ ಹೆಂಗಸರು ಒಂದು ಕಾರ್ಡಿನ ಹೊಟ್ಟೆಯೊಳಗೆ ಹೋದರು. ಹೆಸರುಗಳು ಹೋದವು, ಮಾತು ಹೋಯಿತು. ‘ಬೆರಳ ಸಂದಿಯ ಕುರಿತು ಅಭಿಪ್ರಾಯ’ ಎಂಬುದೊಂದು ಉಳಿಯಿತು. ಅದಕ್ಕೆ ಅವನು ಹಳದಿ ಚೀಟಿ ಹಚ್ಚಿದ: ಬಳಸುವವರ ತಪ್ಪು, ಬೆರಳುಗಳನ್ನು ಅತಿಯಾಗಿ ಅಗಲಿಸುತ್ತಾರೆ. ಎಳೆದು ‘ಮುಗಿದದ್ದು’ ಸಾಲಿಗೆ ಹಾಕಿದ. ಗವಸು ಇದ್ದ ಹಾಗೇ ಇತ್ತು.

ಆಮೇಲೆ ಜಂಬಿಲಾಳ ಕೈಗೆ ಸೂಜಿ ಹೊಕ್ಕಿತು.

ಜಂಬಿಲಾ ನಮ್ಮೆಲ್ಲರಿಗಿಂತ ಹಿರಿಯಳು. ನಾನು ಹೊಸಬಳಾಗಿ ಬಂದು, ಕೊಳೆತ ಮಾಂಸದ ನಾತಕ್ಕೆ ಕಕ್ಕಿಕೊಂಡು ಕೂತಿದ್ದಾಗ ಬೆನ್ನು ತಿಕ್ಕಿ, ಬಾಯಿಗೆ ಬೆಳ್ಳುಳ್ಳಿ ಎಸಳು ತುರುಕಿ ಮತ್ತೆ ಎಬ್ಬಿಸಿ ನಿಲ್ಲಿಸಿದವಳು. ಯಾರೋ ಡೈಪರಿನೊಳಗೆ ಸುತ್ತಿ ಎಸೆದಿದ್ದ ಸಿರಿಂಜು ಅವಳ ನಡುಬೆರಳಿಗೂ ಉಂಗುರದ ಬೆರಳಿಗೂ ನಡುವೆ ಇಳಿಯಿತು. ಬೆಲ್ಟು ನಿಲ್ಲಿಸಿ ಅಂದಳು. ನೆಲು ನಿಲ್ಲಿಸಲಿಲ್ಲ.

“ಒಂದ್ ಸೂಜಿಗೆಲ್ಲ ಬೆಲ್ಟ್ ನಿಲ್ಸಾಕೆ ಇದೇನ್ ನಿಮ್ಮಪ್ಪನ ಮನೇನಾ? ಅದ್ರ ಮ್ಯಾಲೆ ಉಚ್ಚೆ ಹುಯ್ಕಂಡು ಕೆಲ್ಸ ನೋಡು, ಬೇವರ್ಸಿ.”

ಪಾಳಿ ಮುಗಿಯುವವರೆಗೂ ಗವಸಿನೊಳಗೆ ರಕ್ತ ಇಟ್ಟುಕೊಂಡೇ ಅವಳು ಹೆಕ್ಕಿದಳು. ಆಮೇಲೆ ಒಬ್ಬಳೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋದಳು.

ಆ ಕಾರ್ಡನ್ನು ನಾನೇ ಬರೆದೆ. ಕೆಂಪು ಚೀಟಿ ಹಚ್ಚಿದೆ: ಅಪಾಯ. ಗವಸಿನ ಒಳಮಗ್ಗುಲನ್ನು ತಿರುವಿ ಫೋಟೋ ತೆಗೆದು ಸೇರಿಸಿದೆ. ಮರುದಿನ ಬಂದು ನೋಡಿದರೆ ಕೆಂಪು ಹೋಗಿ ಹಳದಿಯಾಗಿತ್ತು. ಫೋಟೋ ಇರಲಿಲ್ಲ. ‘ಬಳಸುವವರ ತಪ್ಪು. ತರಬೇತಿ ನೀಡಲಾಗಿದೆ. ಮುಗಿದದ್ದು.’ ಯಾರು ಬದಲಾಯಿಸಿದರು ಎಂದು ಕೇಳಿದೆ. ಟಿಬೇರಿಯು ಮುಚ್ಚಿಡಲಿಲ್ಲ.

“ಕಾರ್ಡಲ್ಲಿ ಅಳೋದು ಬೇಡ ಸಾಫ್ತಾ,” ಅಂದ ಮೆತ್ತಗೆ. “ನಂಗೆ ಬೇಕಾಗಿರೋದು ಮಾಹಿತಿ.”

ಕೆಲವು ವಾರಗಳಾದ ಮೇಲೆ ಜಂಬಿಲಾಳ ರಕ್ತದಲ್ಲಿ ಸಿಕ್ಕಿತು, ಲಿವರಿಗೆ ಹತ್ತುವ ಕಾಮಾಲೆ. ಉಳಿದವರಿಗೂ ಅಂಟಿಸುತ್ತಾಳೆ ಎಂದು ನೆಲು ಅವಳನ್ನು ಗೇಟಿನಿಂದಲೇ ವಾಪಸು ಕಳಿಸಿದ. ಮನೆಯಲ್ಲಿ ಸೊಸೆ ಅವಳ ತಟ್ಟೆ ಲೋಟ ಬೇರೆ ಇಟ್ಟಳು. ನಾನು ನೋಡಲು ಹೋದ ಸಂಜೆ ಅವಳು ಹೊರಗೆ ಮೆಟ್ಟಿಲ ಮೇಲೆ ಕೂತು ಸೂರ್ಯಕಾಂತಿ ಬೀಜ ಬಿಡಿಸುತ್ತಿದ್ದಳು. ಕಣ್ಣಿನ ಬಿಳಿ ಹಳದಿಗಟ್ಟಿತ್ತು. ಮೊಮ್ಮಗಳು ಹತ್ತಿರ ಬಂದರೆ ಒಳಗಿನಿಂದ ಕೂಗಿ ಕರೆಯುತ್ತಿದ್ದರು. ನಾನು ಕಾರ್ಡಿನ ವಿಷಯ ಹೇಳಿದೆ. ಅವಳಿಗೆ ಅದು ಗೊತ್ತೇ ಇರಲಿಲ್ಲ.

“ನಂದೇ ತಪ್ಪು ಅಂತ ಬರ್ದವ್ನಾ?”

ಹೌದಕ್ಕ ಅಂದೆ. ಸಿಪ್ಪೆ ಉಗುಳಿದಳು. ಗುರುವಾರ ವಿಯೆನ್ನಾದಿಂದ ಗವಸು ಕೊಳ್ಳುವವರು ಬರುತ್ತಾರೆ, ನಮ್ಮ ಕಾರ್ಡುಗಳನ್ನೆಲ್ಲ ಗೋಡೆಯ ಮೇಲೆ ದೊಡ್ಡದಾಗಿ ತೋರಿಸುತ್ತಾರೆ ಎಂದೂ ಹೇಳಿದೆ. ಬೇಕಾದರೆ ನಿನ್ನ ಪರವಾಗಿ ಪರಿಹಾರ ಕೇಳುತ್ತೇನೆ ಅಂದೆ.

“ಅವ್ನ ಪರಿಹಾರ ನಾಯಿಗಾಕು,” ಅಂದಳು. “ನಂಗೆ ಅವ್ನ ಕೈ ನೋಡ್ಬೇಕು ಕಣಮ್ಮಿ. ಬೆಲ್ಟಿನ ಮ್ಯಾಲೆ.”

ಮನೆಯ ದಾರಿಯುದ್ದಕ್ಕೂ ನಾನು ಟಿಬೇರಿಯುವಿನ ಬೆರಳ ಸಂದಿಗಳನ್ನೇ ನೆನೆಸಿಕೊಂಡು ನಡೆದೆ. ಬಿಳಿಯ, ಮೆತ್ತಗಿನ ಸಂದಿಗಳು. ಅಲ್ಲಿ ಏನಾಗಬೇಕೆಂದು ನಾನು ಬಯಸಿದೆ ಎಂಬುದನ್ನು ಪಾದ್ರಿಯ ಮುಂದೆಯೂ ಹೇಳಲಾರೆ. ಬಯಸಿದ್ದಕ್ಕೆ ಪಶ್ಚಾತ್ತಾಪವೂ ಇಲ್ಲ. ಮರುದಿನ ಕೆಲಸಕ್ಕೆ ಹೋಗುವ ವ್ಯಾನಿನಲ್ಲಿ ಜಂಬಿಲಾ ಕೇಳಿದ್ದನ್ನು ಹೆಂಗಸರಿಗೆಲ್ಲ ಹೇಳಿದೆ. ಯಾರೂ ಬೇಡ ಅನ್ನಲಿಲ್ಲ.

ಗುರುವಾರ ನಿಲ್ಲಿಸಿಟ್ಟ ಬೆಲ್ಟಿನ ಮೇಲೆ ತೊಳೆದ ಬಾಟಲಿಗಳಿದ್ದವು. ನೆಲು ಎಲ್ಲಿಂದಲೋ ಹೊಸ ರಟ್ಟು, ಹೊಳೆಯುವ ಡಬ್ಬ ತರಿಸಿ ಹರಡಿಸಿ, ಮೇಲೆ ಹೂವಿನ ಪರಿಮಳದ ನೀರು ಹೊಡೆಸಿದ್ದ. ನಮ್ಮ ಕಸಕ್ಕೂ ಆ ದಿನ ಮದುವೆ. ಗೋಡೆಯ ಮೇಲೆ ಕಾರ್ಡುಗಳು, ಎಲ್ಲವೂ ‘ಮುಗಿದದ್ದು’ ಸಾಲಿನಲ್ಲಿ ಅಚ್ಚುಕಟ್ಟಾಗಿ ನಿಂತಿದ್ದವು. ಬಂದವರಲ್ಲಿ ನೆರೆಗೂದಲಿನ ಒಬ್ಬ ಹೆಂಗಸೇ ದೊಡ್ಡವಳು. ಅವಳ ಕಿವಿಯ ಹತ್ತಿರ ಒಬ್ಬ ತರುಣಿ ನಿಂತು ಎಲ್ಲವನ್ನೂ ಜರ್ಮನ್‌ನಲ್ಲಿ ಹೇಳುತ್ತಿದ್ದಳು. ನಾನು ಕಚೇರಿಯಿಂದ ತಂದು ಮೂಲೆಯಲ್ಲಿಟ್ಟ ಕಂಪ್ಯೂಟರಿನ ಮುಂದೆ ಕೂತಿದ್ದೆ. ಇಲ್ಲಿ ಕೆಲಸಗಾರರ ಒಂದು ಮಾತೂ ಕಳೆದುಹೋಗುವುದಿಲ್ಲ ಎಂದು ಟಿಬೇರಿಯು ವಿವರಿಸಿದ. ಹೇಗೆ ಬರುತ್ತದೆ ನೋಡಿ ಎಂದು ಫನೀಕಾಳನ್ನು ಕರೆದ. ಗವಸು ಹಗುರವಾಗಿದೆ, ಕೆಲಸ ಸಲೀಸು ಎಂಬ ಮಾತನ್ನು ಅವಳಿಗೆ ಉರುಹೊಡೆಸಿದ್ದರು.

ಫನೀಕಾ ಟ್ಯಾಬಿನ ಮುಂದೆ ನಿಂತು ತಲೆಯ ವಸ್ತ್ರ ಸರಿಮಾಡಿಕೊಂಡಳು. ನಮ್ಮ ಭಾಷೆಯ ಒಂದು ಪದವೂ ಬೆರಸದೆ, ಬಿಡಿಬಿಡಿಯಾಗಿ ರೊಮೇನಿಯನ್‌ನಲ್ಲೇ ಹೇಳಿದಳು.

“ಈ ಗವಸು ಮಾಡ್ದೋನು ಬೋಳಿಮಗ. ಜಂಬಿಲಾನ ಜೀವ ತಿಂದ.”

ಕಾರ್ಡು ಗೋಡೆಯ ಮೇಲೆ ಎದ್ದಿತು. ತರುಣಿ ಮೊದಲ ವಾಕ್ಯಕ್ಕೆ ತಡವರಿಸಿ, ಕೆಂಪಾಗಿ, ಎರಡನೆಯದನ್ನು ಮಾತ್ರ ಹೇಳಿದಳು. ನಮ್ಮ ಹೆಂಗಸರು ತಮಾಷೆಯವರು ಎಂದು ನಗುತ್ತಲೇ ಟಿಬೇರಿಯು ತನ್ನ ಫೋನಿನಲ್ಲಿ ಬೆರಳಾಡಿಸಿದ. ಕಾರ್ಡು ‘ಮುಗಿದದ್ದು’ ಸಾಲಿಗೆ ಹೋಯಿತು. ನಾನು ವಾಪಸು ‘ಹೊಸದು’ ಸಾಲಿಗೆ ತಂದೆ. ಅವನು ಮತ್ತೆ ಮುಗಿಸಿದ. ನಾನು ಆ ಬೆರಳ ಸಂದಿಯ ಕಾರ್ಡನ್ನು ಹಿಡಿದು, ಸೇರಿಸಿದ್ದನ್ನು ಬಿಡಿಸುವ ಗುಂಡಿ ಒತ್ತಿದೆ.

ಅಷ್ಟೂ ಹೆಂಗಸರು ಹೊರಗೆ ಬಂದರು. ಗೋಡೆ ತುಂಬಿತು. ಹೆಸರು, ತಾರೀಖು, ಬೈಗುಳ, ಸಂದಿ, ಸಂದಿ, ಸಂದಿ. ಅವನು ಒಂದು ಮುಗಿಸುವಷ್ಟರಲ್ಲಿ ನಾನು ಇನ್ನೊಂದನ್ನು ಎಳೆದು ತರುತ್ತಿದ್ದೆ. ಬಂದವರ ಕತ್ತುಗಳು ಚೆಂಡಾಟ ನೋಡುವಂತೆ ಆಚೆ ಈಚೆ ತಿರುಗುತ್ತಿದ್ದವು. ಕೈ ತೆಗೀರಿ ಸಾಫ್ತಾ ಎಂದು ಅವನು ಹಲ್ಲು ಕಚ್ಚಿಕೊಂಡೇ ಹೇಳಿದ. ನೆಲು ನನ್ನ ಕಡೆಗೆ ನುಗ್ಗಿದ. ಹೆಂಗಸರು ಅಡ್ಡ ನಿಂತರು.

“ಮುಟ್ಟು ನೋಡಾನ,” ಅಂದಳು ಫನೀಕಾ.

ಆಗ ಅಂಗಳದ ಬಾಗಿಲಿನಿಂದ ಜಂಬಿಲಾ ಒಳಗೆ ಬಂದಳು. ಬೆಳಿಗ್ಗೆ ನಮ್ಮ ವ್ಯಾನಿನಲ್ಲೇ ಬಂದಿದ್ದಳು. ಗೇಟಿನಲ್ಲಿ ಆ ಹೊತ್ತಿಗೆ ನೆಲು ಇರಲಿಲ್ಲ, ಕಾವಲುಗಾರ ತಲೆ ಎಣಿಸುತ್ತಾನೆಯೇ ಹೊರತು ಮುಖ ನೋಡುವುದಿಲ್ಲ. ಅಂಗಳದ ನಿಜವಾದ ಕಸದ ರಾಶಿಯಿಂದ ಒಂದು ಮೂಟೆ ತುಂಬಿ ಎಳೆದುಕೊಂಡು ಬಂದಿದ್ದಳು. ನಮ್ಮಲ್ಲಿ ಇಬ್ಬರು ಮೂವರು ಕೈ ಕೊಟ್ಟರು. ತೊಳೆದ ಬಾಟಲಿಗಳ ಮೇಲೆ ಅದನ್ನು ಸುರಿದಳು. ಮೀನಿನ ಕರುಳು, ಡೈಪರು, ಒಡೆದ ಗಾಜು, ನಡುನಡುವೆ ಸಿರಿಂಜುಗಳು. ಹೂವಿನ ಪರಿಮಳ ಅಲ್ಲಿಗೆ ಸತ್ತಿತು. ಸೊಂಟಕ್ಕೆ ಸಿಕ್ಕಿಸಿದ್ದ ಗವಸುಗಳನ್ನು ತೆಗೆದು ಅವಳು ಟಿಬೇರಿಯುವಿನ ಮುಂದೆ ಹಿಡಿದಳು.

“ಹಾಕ್ಕಳಿ ಸಾಮಿ. ನೀವೇ ಮಾಡಿದ್ದಲ್ವಾ. ಬೆರಳು ಮಾತ್ರ ಜಾಸ್ತಿ ಅಗ್ಲಿಸ್ಬ್ಯಾಡಿ.”

ಅವನು ಬಂದವರ ಕಡೆ ನೋಡಿದ. ನೆರೆಗೂದಲಿನ ಹೆಂಗಸು ಏನೋ ಕೇಳಿದಳು, ಜಂಬಿಲಾ ಅಂದದ್ದನ್ನು ತರುಣಿ ಹೇಳಿದಳು. ಕೇಳಿ ಅವಳು ಕೈಕಟ್ಟಿ ಕಾಯುತ್ತ ನಿಂತಳು. ಬೇರೆ ದಾರಿಯಿಲ್ಲದೆ ಟಿಬೇರಿಯು ಬಲಗೈಗೆ ಗವಸು ತೊಟ್ಟ. ಬೆಲ್ಟಿನ ಹತ್ತಿರ ಹೋದ. ಕೈ ಕಸದ ಮೇಲೆ ಒಂದು ಗೇಣಿನ ಎತ್ತರದಲ್ಲಿ ನಿಂತಿತು. ಬೆರಳುಗಳನ್ನು ಅವನು ಬಿಗಿಯಾಗಿ ಜೋಡಿಸಿಕೊಂಡಿದ್ದ. ಹಾಗೆ ಜೋಡಿಸಿದ ಕೈಯಲ್ಲಿ ಏನನ್ನೂ ಎತ್ತಲಾಗುವುದಿಲ್ಲ.

“ನಂಗೆ ಲಸಿಕೆ ಆಗಿಲ್ಲ,” ಅಂದ ಕೊನೆಗೆ.

“ನಂಗೂ ಆಗಿರ್ನಿಲ್ಲ,” ಅಂದಳು ಜಂಬಿಲಾ.

ಎರಡು ಮಾತನ್ನೂ ತರುಣಿ ಯಾರೂ ಕೇಳದೆಯೇ ಜರ್ಮನ್‌ನಲ್ಲಿ ಹೇಳಿದಳು.

ನಾನು ಹೊಸ ಕಾರ್ಡು ತೆರೆದೆ. ಒಂದೊಂದು ಅಕ್ಷರವೂ ಗೋಡೆಯ ಮೇಲೆ ಮೂಡುತ್ತ ಹೋಯಿತು. ‘ಪರೀಕ್ಷಿಸಿದವರು: ಟಿಬೇರಿಯು. ಗವಸು: ತೊಟ್ಟರು. ಕಸಕ್ಕೆ ಕೈ: ಹಾಕಲಿಲ್ಲ. ಕಾರಣ: ಹೆದರಿಕೆ.’ ಕೆಂಪು ಚೀಟಿ ಹಚ್ಚಿ ‘ಹೊಸದು’ ಸಾಲಿನ ತುದಿಯಲ್ಲಿಟ್ಟೆ. ಅವನು ಎಡಗೈಯಲ್ಲಿ ಫೋನು ಹಿಡಿದು ಬಲಗೈಯಿಂದ ಒತ್ತಿದ. ಗವಸಿನ ಬೆರಳಿಗೆ ಫೋನಿನ ಪರದೆ ಓಗೊಡಲಿಲ್ಲ. ಮತ್ತೆ ಒತ್ತಿದ. ಎಳೆದರೂ ಗವಸು ಕಳಚಿಬರಲಿಲ್ಲ, ಕೈ ಬೆವೆತಿತ್ತು.

“ಕೆಲ್ಸ ಮಾಡ್ರೇ ಮುಂಡೇವಾ,” ಎಂದು ನೆಲು ಬೆಲ್ಟಿನ ಗುಂಡಿ ಒತ್ತಿದ.

ಬೆಲ್ಟು ಹೊರಟಿತು. ಹೆಂಗಸರು ಗವಸು ಕಳಚಿ ನೆಲಕ್ಕೆ ಹಾಕಿ, ಬರಿಗೈಗಳನ್ನು ಕಂಕುಳಲ್ಲಿ ಸಿಕ್ಕಿಸಿ ನಿಂತರು. ಯಾರೂ ಹೆಕ್ಕಲಿಲ್ಲ. ಮೀನಿನ ಕರುಳು, ಗಾಜು, ಡೈಪರು ಬೆಲ್ಟಿನ ತುದಿ ತಲುಪಿ, ವಿಯೆನ್ನಾದಿಂದ ಬಂದವರ ಬೂಟುಗಳ ಹತ್ತಿರ ಸಿಮೆಂಟಿನ ಮೇಲೆ ಬೀಳತೊಡಗಿದವು. ಅವರು ಹಿಂದೆ ಸರಿದರು. ರಾಶಿ ಏರಿತು, ಇನ್ನೂ ಹಿಂದೆ ಸರಿದರು. ಟಿಬೇರಿಯು ಗವಸು ತೊಟ್ಟ ಕೈಯನ್ನು ಮೈಗೆ ತಾಗದಂತೆ ದೂರ ಹಿಡಿದು ಅಲ್ಲೇ ನಿಂತಿದ್ದ, ಅದು ತನ್ನ ಕೈಯೇ ಅಲ್ಲವೆಂಬಂತೆ. ಜಂಬಿಲಾ ಆ ಕೈಯನ್ನೇ ನೋಡುತ್ತಿದ್ದಳು. ಬೆಲ್ಟನ್ನು ನಿಲ್ಲಿಸಿ ಎಂದು ಈ ಸಲ ಅವಳು ಹೇಳಲಿಲ್ಲ.